ಎದುರುಮಾತು ಬೇಕಿದ್ದ ಮ್ಯಾನೇಜರು

ಗಳಗಳ ಎಂದು ಶುರುವಾಗಿ, ಮೇಲಕ್ಕೇರಿ, ಒಂದು ಕ್ಷಣ ಗಂಟಲಲ್ಲೇ ನಿಂತು, ಆಮೇಲೆ ಪಚಕ್ಕನೆ ಬಾಳೆಯ ಬುಡಕ್ಕೆ ಬೀಳುವ ಸದ್ದು. ಪುತ್ತೂರಿನ ನಮ್ಮ ಓಣಿಯಲ್ಲಿ ನನಗೆ ಬೆಳಗಾಗುತ್ತಿದ್ದುದು ಹಾಗೆ. ಕಂಪೌಂಡಿನ ಆಚೆ ಮನೆಯ ಮ್ಯಾನೇಜರು ಉಪ್ಪು, ಕರಿಮೆಣಸು ಹಾಕಿದ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ಸೈಲೆನ್ಸ್. ಇನ್ನೇನು ಮುಗಿಯಿತು ಎಂದು ನಾನು ಹಲ್ಲುಜ್ಜಲು ತೊಡಗಿದಾಗ, ಬ್ರಷ್ಷು ಕೈಯಿಂದ ಜಾರುವ ಹಾಗೆ ಒಂದು ಗರ್ಜನೆ: "ಯಾರಲ್ಲಿ!"

ಅಲ್ಲಿ ಯಾರೂ ಇರುತ್ತಿರಲಿಲ್ಲ. ಅವರ ಹೆಂಡತಿ ಅಡುಗೆಮನೆಯಿಂದ, "ಕಾಫಿ ಆಯ್ತು, ಬನ್ನಿ" ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ಹೋದರು. ಸುದ್ದಿ ಬಂದದ್ದು ಓಣಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಯಾರೋ ಅವಸರದಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಹಾಕಿ ಆಮೇಲೆ ಅಳಿಸಿದರು. ಮ್ಯಾನೇಜರು ಬದುಕಿದ್ದು ಅದನ್ನು ನೋಡಿದ್ದರೆ ಆ ಹೆಬ್ಬೆರಳಿನ ಮೇಲೆಯೇ ಒಂದು ಸಂಜೆ ಮಾತಾಡುತ್ತಿದ್ದರು.

ಅವರ ಹೆಸರು ಬೇಡ. ಕಚೇರಿ ಯಾವುದೆಂದೂ ಬೇಡ. ಪುತ್ತೂರು, ಸುಳ್ಯ, ಕಡಬ ಈ ಮೂರರಲ್ಲಿ ಒಂದು ಕಡೆ, ನಲ್ಲಿ ನೀರು, ಕಸದ ಗಾಡಿ, ಅಂಗಡಿ ಲೈಸೆನ್ಸು ನೋಡಿಕೊಳ್ಳುವ ಒಂದು ಆಫೀಸು ಎಂದುಕೊಳ್ಳಿ. ಗೊತ್ತಾಗುವವರಿಗೆ ಹೇಗೂ ಗೊತ್ತಾಗುತ್ತದೆ. ಅದಕ್ಕೆ ನಾನೇನು ಮಾಡಲಿ.

ಹಗಲು ಮ್ಯಾನೇಜರಾಗಿದ್ದ ಅವರು ಶನಿವಾರ ಸಂಜೆ ಅರಸರಾಗುತ್ತಿದ್ದರು. ನಮ್ಮ ಕಡೆಯ ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರದ ಪರವಾಗಿ ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ, ಆ ಸಭೆಗೆ ಕೂಟ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ ಎಲೊಕ್ಯೂಷನ್ ಎಂದರೆ ಬಾಯಿಪಾಠ ಮಾಡಿದ ಇಂಗ್ಲಿಷ್ ಪದ್ಯವನ್ನು ಕೈ ಹಿಂದೆ ಕಟ್ಟಿಕೊಂಡು ಒಪ್ಪಿಸುವುದು. ಇಲ್ಲಿ ನೋಡಿದರೆ ರೇಷನ್ ಅಂಗಡಿಯವರೂ ಪೋಸ್ಟ್‌ಮ್ಯಾನರೂ ಶಾಲು ಹೊದ್ದು ಕೂತು, ಚೀಟಿ ಕೂಡ ಇಲ್ಲದೆ, ರಾಜ್ಯಗಳನ್ನು ಎತ್ತಿ ಎತ್ತಿ ಬಿಸಾಡುತ್ತಿದ್ದರು. ಐ ವಾಸ್ ಸ್ಟನ್ಡ್.

ಒಂದೇ ತೊಂದರೆ. ಇಲ್ಲಿ ಒಳ್ಳೆಯ ಅರ್ಥಧಾರಿಗಳು ಓಣಿಗೊಬ್ಬರು. ಹಾಗಾಗಿ ನಮ್ಮ ಮ್ಯಾನೇಜರಿಗೆ ಯಾವಾಗಲೂ ಸಿಗುತ್ತಿದ್ದುದು ದೊಡ್ಡ ಕಲಾವಿದರೊಬ್ಬರು ಬಂದು ಬುದ್ಧಿ ಹೇಳಿ ಹೋಗುವಂಥ ಅರಸನ ಪಾತ್ರ. ಮೊದಲು ಪೀಠಿಕೆ, ಅಂದರೆ ತಾನು ಯಾರು, ತನ್ನ ಪ್ರತಾಪವೇನು ಎಂದು ಹೇಳಿಕೊಳ್ಳುವ ಭಾಗ. ಅದನ್ನು ಅವರು ಚೆನ್ನಾಗಿ ಹೇಳುತ್ತಿದ್ದರು. ಆಮೇಲೆ ಕೂಟ ಮುಗಿಯುವವರೆಗೆ ಬೈಸಿಕೊಳ್ಳಬೇಕು.

"ಬೈಸಿಕೊಳ್ಳುದು ಸುಲಭ ಅಂತ ಮಾಡಿದ್ದೀರಾ ಟೀಚರೇ?" ಎಂದು ಒಮ್ಮೆ ಕೇಳಿದರು. "ಎದುರಿನವ ಬಾಣ ಬಿಟ್ಟ ಕೂಡ್ಲೆ ಹೊಸ ಬಾಣ ತೆಗೀಬೇಕು. ಸುಮ್ಮನೆ ಕೂತವ ಸತ್ತ."

ಅವರ ಒತ್ತಾಯಕ್ಕೆ ನಾನೊಮ್ಮೆ ಕೂಟಕ್ಕೆ ಹೋಗಿದ್ದೆ. ಮರುದಿನ ಕಂಪೌಂಡಿನ ಮೇಲೆ ಗಲ್ಲ ಊರಿ, "ಹೇಗಾಯ್ತು?" ಎಂದರು. ನನಗೆ ಕೂಡಲೆ ಮಾತು ಹೊಳೆಯದೆ, "ವೆರಿ ಆಡಿಬಲ್" ಎಂದುಬಿಟ್ಟೆ. ಅದನ್ನು ಅವರು ಬಿರುದಿನ ಹಾಗೆ ಊರೆಲ್ಲ ಹೇಳಿಕೊಂಡು ಬಂದರು.

ಎದುರು ಮಾತಾಡಿದವರನ್ನು ಕಂಡರೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಒಂದು ಸಲ ಆಟೋದವನು ಬಾಡಿಗೆ ಜಾಸ್ತಿ ಕೇಳಿದ ಎಂದು ನಮ್ಮ ಗೇಟಿನೆದುರು ಅವನ ಮೇಲೆ ಧರ್ಮ, ಅಧರ್ಮ, ಪ್ರಜಾಪಾಲನೆ ಎಲ್ಲವನ್ನೂ ಹೂಡಿದರು. ಅವನು ಎಂಜಿನ್ ಆಫ್ ಮಾಡಿ, ಇಳಿದು, ಸೊಂಟಕ್ಕೆ ಕೈಕೊಟ್ಟು, ತುಳುವಿನಲ್ಲಿ ಇವರಿಗಿಂತ ಉದ್ದಕ್ಕೆ ಉತ್ತರ ಕೊಟ್ಟ. ನಾನು ಹೊಡೆದಾಟವೇ ಆಯಿತು ಎಂದು ಬಾಗಿಲು ಹಾಕಿಕೊಂಡೆ. ಕಿಟಕಿಯಿಂದ ನೋಡಿದರೆ ಇಬ್ಬರೂ ಜಗಲಿಯಲ್ಲಿ ಬೆಲ್ಲ ಕಚ್ಚಿಕೊಂಡು ನೀರು ಕುಡಿಯುತ್ತಿದ್ದಾರೆ!

ಅವರ ಹೆಂಡತಿ ಮಾತ್ರ ಬೇರೆಯೇ ದಾರಿ ಕಂಡುಕೊಂಡಿದ್ದರು. "ನಮ್ಮಲ್ಲಿ ಹಾಲಿಗೆ ಹೆಪ್ಪು ಹಾಕ್ಲಿಕ್ಕೆ ಮರೆತ್ರೆ ರಾಜ್ಯವೇ ಹೋಗ್ತದೆ ಟೀಚರೇ. ನಾನು ಕಿವಿಗೆ ಹತ್ತಿ ಇಟ್ಕೊಂಡು ಹೂಂ, ಹೂಂ ಅನ್ನುದು."

ಮನೆಯಲ್ಲಿ ಹತ್ತಿ ಇತ್ತು. ಆಫೀಸಿನಲ್ಲಿ ಇರಲಿಲ್ಲ.

ಅಲ್ಲಿ ಅವರ ಕುರ್ಚಿಯ ಬೆನ್ನಿಗೆ ಒಂದು ಬಿಳಿ ಟವೆಲು. ಅದು ಕುರ್ಚಿಯ ಮೇಲಿದ್ದರೆ ಅವರು ಮ್ಯಾನೇಜರು. ಅವರ ಹೆಗಲಿಗೆ ಬಂತೆಂದರೆ ಆವತ್ತು ಯಾರದೋ ಗ್ರಹಚಾರ ಕೆಟ್ಟಿತು ಎಂದು ಲೆಕ್ಕ. ಹಳಬರು ಟವೆಲು ಅಲುಗಿದ ಕೂಡಲೆ ಫೈಲು ಹುಡುಕುವ ನೆಪದಲ್ಲಿ ರೆಕಾರ್ಡ್ ರೂಮಿಗೆ ನುಗ್ಗುತ್ತಿದ್ದರು. ಹೊಸದಾಗಿ ಬಂದ ಧನ್ಯಳಿಗೆ ಇದು ಗೊತ್ತಿರಲಿಲ್ಲ.

ಧನ್ಯ ಮರ್ಕಂಜದ ಹುಡುಗಿ. ಪರೀಕ್ಷೆ ಬರೆದು ಗುಮಾಸ್ತೆಯಾಗಿ ಬಂದವಳು. ಪ್ರೊಬೇಷನ್ ಮುಗಿಯುವುದಕ್ಕೆ ಬಂದಿತ್ತು. ಮ್ಯಾನೇಜರು ತೃಪ್ತಿಕರ ಎಂದು ಬರೆದರೆ ಕೆಲಸ ಗಟ್ಟಿ, ಇಲ್ಲವಾದರೆ ಮನೆಗೆ. ಹಾಗಿರುವಾಗ ಅವಳು ಯಾವುದೋ ಹೋಟೆಲಿನ ಲೈಸೆನ್ಸಿನ ಮೇಲೆ ಆಫೀಸಿನ ಗುಂಡು ಸೀಲನ್ನು ತಲೆಕೆಳಗಾಗಿ ಒತ್ತಿದಳು. ಟವೆಲು ಹೆಗಲೇರಿತು.

"ಎಲೌ ತರುಣಿ! ಇದು ಬರಿಯ ಆಟಿಕೆಯೆಂದು ತಿಳಿದೆಯಾ? ಮುದ್ರೆ! ಮುದ್ರೆ ತಲೆಕೆಳಗಾದ ರಾಜ್ಯದಲ್ಲಿ ಪ್ರಜೆಗಳು ಯಾವ ಕಾಲಿನ ಮೇಲೆ ನಿಲ್ಲಬೇಕು?"

ಹೀಗೆ ಶುರುವಾದದ್ದು ಚಹಾದ ಹೊತ್ತು ದಾಟಿತು. ಪಬ್ಲಿಕ್ ನೆರೆಯಿತು. ಕೌಂಟರಿನ ಎದುರು ಅವಳು ಆ ಕಾಗದ ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ ಅವರು, "ಹೇಳು! ಉತ್ತರ ಕೊಡು!" ಎಂದು ಟೇಬಲ್ಲು ಗುದ್ದಿದಾಗ ಅವಳು ಅತ್ತಳು. ಮರುದಿನ ಮತ್ತೆ. ಅದರ ಮರುದಿನ, ನಿನ್ನೆ ಅತ್ತದ್ದು ಯಾಕೆ ಎಂಬುದರ ಮೇಲೆ ಮತ್ತೆ. "ನಿನ್ನ ಉದ್ಯೋಗ ಎಂಬುದು ನನ್ನ ಲೇಖನಿಯ ತುದಿಯಲ್ಲಿ ತೂಗುತ್ತಿದೆ, ತಿಳಿದುಕೋ" ಎಂಬ ಮಾತು ಬಂದದ್ದು ಆವತ್ತು.

ಅವಳು ಜಿಲ್ಲಾ ಕಚೇರಿಗೆ ದೂರು ಕೊಟ್ಟಳು. ಹೊಸ ಹುಡುಗಿ ಮ್ಯಾನೇಜರ ಮೇಲೆಯೇ ಕಿರುಕುಳದ ದೂರು ಕೊಟ್ಟದ್ದು ಆ ಆಫೀಸಿನಲ್ಲಿ ಅದೇ ಮೊದಲು. ವಿಚಾರಣೆಗೆ ಘಟ್ಟದ ಮೇಲಿನವರಾದ ಒಬ್ಬರು ಅಧಿಕಾರಿ ಮೇಡಂ ಬಂದರು. ಕಮಿಟಿಗೆ ಹೊರಗಿನ ಒಬ್ಬರು ಹೆಂಗಸು ಬೇಕೆಂದು ರಿಟೈರ್ಡ್ ಇಂಗ್ಲಿಷ್ ಟೀಚರಾದ ನನ್ನನ್ನು ಹಾಕಿದರು. "ನಾನು ಅವರ ನೆರೆಮನೆಯವಳು" ಎಂದು ಫೋನಿನಲ್ಲೇ ಹೇಳಿದೆ. ಆಚೆಯ ಗುಮಾಸ್ತರು ನಿಟ್ಟುಸಿರು ಬಿಟ್ಟರು. "ಗುರ್ತ ಇಲ್ಲದವರು ಅಂತ ಹುಡುಕಿದ್ರೆ ಇಲ್ಲಿ ಮೇಡಂ ಅವರ ಡ್ರೈವರ್ ಒಬ್ಬರೇ ಸಿಗುದು ಟೀಚರೇ. ಬನ್ನಿ."

ವಿಚಾರಣೆಯ ದಿನ ವರಾಂಡದಲ್ಲಿ ಧನ್ಯಳನ್ನು ಮೊದಲ ಸಲ ನೋಡಿದೆ. ಸಣ್ಣ ಜೀವ, ಪೂರ್ ಥಿಂಗ್. "ಬಸ್ಸು ಹತ್ತುವಾಗ್ಲೇ ವಾಂತಿ ಬರ್ತದೆ ಟೀಚರ್" ಎಂದಳು. "ಕೆಲಸ ಬಿಡುವ ಅಂತ ಕಾಣ್ತದೆ. ಆದ್ರೆ ಬಿಟ್ಟು ಎಂತ ಹೇಳುದು ಮನೆಯಲ್ಲಿ? ಸೀಲು ಉಲ್ಟಾ ಆಯ್ತು ಅಂತ ಹೇಳುದಾ?"

ಒಳಗೆ ನಡೆದದ್ದನ್ನು ನಾನು ಎಷ್ಟು ಸಲ ನೆನೆಸಿಕೊಂಡು ನಕ್ಕಿದ್ದೇನೋ. ನಗಬಾರದು ಎಂದೂ ಅಷ್ಟೇ ಸಲ ಅನಿಸಿದೆ.

ಮೊದಲ ಸಾಕ್ಷಿ ಬಿಲ್ ಕಲೆಕ್ಟರ್ ಹಮೀದಾಕ. ಆಫೀಸಿನ ಹಳೆಯ ಮನುಷ್ಯ, ಎಲ್ಲರಿಗೂ ಬೇಕಾದವರು, ತಾಳಮದ್ದಳೆ ಎಲ್ಲಿದ್ದರೂ ಹಿಂದಿನ ಬೆಂಚಿನಲ್ಲಿ ಇರುವವರು.

"ಮ್ಯಾನೇಜರು ಆ ಹುಡುಗೀನ ಬೈದಿದ್ದು ನಿಜಾನಾ?" ಎಂದು ಮೇಡಂ ಕೇಳಿದರು.

"ಬೈದದ್ದು ಅಂತ ಹೇಳ್ಲಿಕ್ಕಾಗುದಿಲ್ಲ ಮೇಡಂ. ಅರ್ಥ ಹೇಳಿದ್ದು."

"ಕೆಟ್ಟ ಮಾತು ಆಡಿದ್ರಾ?"

"ಛೆ ಛೆ! ಒಂದು ಇಂಗ್ಲಿಷ್ ಶಬ್ದ ಕೂಡ ಬರ್ಲಿಲ್ಲ. ಮೊದಲಿನ ದಿನದ್ದು ಸ್ವಲ್ಪ ಸಪ್ಪೆ. ಸೀಲಿನಿಂದ ಸೀದಾ ರಾಜ್ಯಕ್ಕೆ ಹಾರಿದ್ರು, ನಡುವಲ್ಲಿ ಜೋಡಣೆ ಇರ್ಲಿಲ್ಲ. ಎರಡನೇ ದಿನದ್ದು ಭಾರಿ ಲಾಯ್ಕ."

"ಲಾಯ್ಕ ಅಂದ್ರೇನ್ರೀ?"

"ಚಂದ ಮೇಡಂ. ಫಸ್ಟ್ ಕ್ಲಾಸ್."

ಮೇಡಂ ಬರೆದುಕೊಳ್ಳುತ್ತಿದ್ದವನ ಕಡೆ ತಿರುಗಿ, "ಇದನ್ನ ಬರ್ಕೋಬೇಡಿ" ಎಂದರು. ಆಮೇಲೆ, "ಆ ಮಗು ಅಳ್ತಾ ನಿಂತಿತ್ತಲ್ಲ, ಅದು ಕಾಣ್ಲಿಲ್ವಾ ನಿಮ್ಗೆ?"

ಹಮೀದಾಕ ತಲೆ ತಗ್ಗಿಸಿದರು. "ಕಂಡಿತು. ಅದು ನೋಡ್ಲಿಕ್ಕಾಗ್ತಿರ್ಲಿಲ್ಲ ಮೇಡಂ. ಹಾಗೆ ನಾನು ಕಣ್ಣು ಮುಚ್ಚಿ ಕೇಳಿದ್ದು."

ಎರಡನೆಯವರು ನೀರಿನ ಬಿಲ್ಲಿನ ತಕರಾರಿಗೆ ಬಂದು, ಬಿಲ್ಲು ಮರೆತು, ಮೂರು ದಿನವೂ ಬಂದು ಕೂತಿದ್ದ ಒಬ್ಬರು ಮುದುಕರು. ನೀವು ದೊಡ್ಡವರು, ಯಾಕೆ ತಡೆಯಲಿಲ್ಲ ಎಂದರೆ ಅವರು ಗಾಬರಿಯಾದರು. "ಅರ್ಥ ಹೇಳುವಾಗ ಸಭೆಯವರು ನಡುವೆ ಬಾಯಿ ಹಾಕ್ಲಿಕ್ಕೆ ಉಂಟಾ ಮಾರಾಯ್ರೆ? ಅದು ಮರ್ಯಾದೆಯಾ?"

ಹೀಗೆ ಊಟದ ಹೊತ್ತಿನವರೆಗೆ ಸಾಕ್ಷಿಗಳೆಲ್ಲ ಬಂದು ವಿಮರ್ಶೆ ಮಾಡಿ ಹೋದರು. ಒಬ್ಬನೂ ಸುಳ್ಳು ಹೇಳಲಿಲ್ಲ, ಅದೇ ಸೋಜಿಗ. ನಡೆದದ್ದು ಅವರಿಗೆ ನಿಜವಾಗಿಯೂ ಹಾಗೆಯೇ ಕಂಡಿತ್ತು. ಧನ್ಯ ಗೋಡೆಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಮ್ಯಾನೇಜರು ಬಂದರು. ಟವೆಲಲ್ಲ, ಜರಿಯ ಶಾಲು! ಮೈ ಗುಡ್‌ನೆಸ್, ಅವರ ಮುಖದಲ್ಲಿ ಆರೋಪಿಯ ಕಳೆಯೇ ಇಲ್ಲ. ದೊಡ್ಡ ಸಭೆ, ಹೊಸ ಊರಿನ ಎದುರಾಳಿ, ಅದೂ ವಿದ್ಯಾವಂತೆ. ಮೇಡಂ, "ನಿಮ್ಮ ಹೆಸರು, ಹುದ್ದೆ ಹೇಳಿ" ಎಂದದ್ದನ್ನೇ ಪೀಠಿಕೆಗೆ ಕೊಟ್ಟ ಅಪ್ಪಣೆ ಎಂದು ತಿಳಿದು, ಕಣ್ಣು ಅರೆಮುಚ್ಚಿ, ತಾವು ಸೇವೆಗೆ ಸೇರಿದ ದಿನದಿಂದ ಆರಂಭಿಸಿದರು. ಮೇಡಂ ಎರಡು ಸಲ ಪೆನ್ನು ಎತ್ತಿದರು, ಇಳಿಸಿದರು. ಫ್ಯಾನು ಕೂಡ ಮೆಲ್ಲಗೆ ತಿರುಗಿದ ಹಾಗೆ ಕಂಡಿತು. ಹಿಂದಿನ ಬಾಗಿಲಲ್ಲಿ ಹಮೀದಾಕರ ತಲೆ ಕಾಣಿಸಿತು, ಅದರ ಹಿಂದೆ ಮುದುಕರದು.

"ನಾನು ಮಾಡಿದ್ದಾದರೂ ಏನು?" ಎಂದು ಅವರು ಕೊನೆಗೆ ಕೈ ಚೆಲ್ಲಿದರು. "ಪ್ರಶ್ನೆ ಇಟ್ಟೆ. ಉತ್ತರ ಬೇಡಿದೆ. ಒಂದಲ್ಲ, ಮೂರು ದಿನ ಬೇಡಿದೆ. ಎದುರು ಮಾತಾಡಿದವರನ್ನು ನಾನು ಶಿಕ್ಷಿಸಿದ ಉದಾಹರಣೆ ಉಂಟಾದರೆ ತೋರಿಸಿ! ಮೌನ ಅವಳದ್ದು. ಅವಳ ಮೌನಕ್ಕೆ ನಾನು ಹೊಣೆಯಾ?"

ಬಾಗಿಲಲ್ಲಿ ಯಾರೋ "ಭಳಿರೇ" ಎಂದರು. ಮೇಡಂ ತಿರುಗಿ ನೋಡಿದ ಮೇಲೆ ತಲೆಗಳು ಮಾಯವಾದವು.

ಈಗ ಧನ್ಯ ಮಾತಾಡಬೇಕು. ಅವಳು ಗೋಡೆ ಬಿಟ್ಟು ಮುಂದೆ ಬಂದಳು, ಬಾಯಿ ತೆರೆದಳು, ಶಬ್ದ ಹೊರಡಲಿಲ್ಲ. ನಾನು ತರಗತಿಯಲ್ಲಿ ಇಂಥ ಗಂಟಲುಗಳನ್ನು ನೋಡುತ್ತಲೇ ಮುದುಕಿಯಾದವಳು. ಎದ್ದು ಹೋಗಿ ಒಂದು ಕುರ್ಚಿ ಎಳೆದು ತಂದು ಮ್ಯಾನೇಜರ ಎದುರಿಗೇ ಹಾಕಿದೆ. "ಮೊದಲು ಕೂತ್ಕೊ ಮಗಾ. ಆಮೇಲೆ ಮಾತಾಡು."

ಅವಳು ಕೂತಳು. ಕುರ್ಚಿಯನ್ನು ಒಮ್ಮೆ, ಅವರ ಶಾಲನ್ನು ಒಮ್ಮೆ ನೋಡಿದಳು. ಮುಖದಲ್ಲಿ ಏನೋ ಒಂದು ಬದಲಾಯಿತು.

"ಸರ್, ನನ್ನ ಅಜ್ಜ ನನ್ನನ್ನು ಸಣ್ಣದಿರುವಾಗ ಕೂಟಕ್ಕೆ ಕರ್ಕೊಂಡು ಹೋಗ್ತಿದ್ರು. ಅಜ್ಜನ ಮಡಿಲಲ್ಲಿ ಮಲಗಿ ನಾನು ಎಷ್ಟೋ ಅರ್ಥ ಕೇಳಿದ್ದೇನೆ." ಅವಳು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. "ಒಬ್ಬ ಕೂತ್ಕೊಂಡು, ಇನ್ನೊಬ್ಬನನ್ನು ನಿಲ್ಲಿಸಿ ಅರ್ಥ ಹೇಳಿದ ಕೂಟ ನೀವು ನೋಡಿದ್ದೀರಾ ಸರ್?"

ಮ್ಯಾನೇಜರು ಬಾಯಿ ತೆರೆದರು.

"ನನ್ನದು ಮುಗಿಲಿಲ್ಲ ಸರ್. ಕೂಟದಲ್ಲಿ ಸೋತವನಿಗೂ ಊಟ ಉಂಟು, ಗೆದ್ದವನ ಪಕ್ಕದಲ್ಲೇ ಎಲೆ ಹಾಕ್ತಾರೆ. ಮನೆಗೆ ಹೋಗಿ ಅವ ಸುಖದಲ್ಲಿ ನಿದ್ದೆ ಮಾಡ್ತಾನೆ. ನನಗೆ ಊಟ ಸೇರ್ಲಿಲ್ಲ, ನಿದ್ದೆ ಬರ್ಲಿಲ್ಲ. ಅಲ್ಲಿ ಒಬ್ಬನ ಕೆಲಸ ಇನ್ನೊಬ್ಬನ ಕೈಯಲ್ಲಿ ಇರುದಿಲ್ಲ. ನನ್ನ ಕೆಲಸ ನಿಮ್ಮ ಪೆನ್ನಿನ ತುದಿಯಲ್ಲಿತ್ತು. ನೀವೇ ಹೇಳಿದ್ದು. ನಾನು ಉತ್ತರ ಕೊಡುದು ಹೇಗೆ? ನೀವು ಕೂಟ ಮಾಡಿದ್ದಲ್ಲ ಸರ್. ನನ್ನನ್ನು ನಿಲ್ಲಿಸಿ ಹೊಡೆದದ್ದು, ಮಾತಿನಲ್ಲಿ."

ಕೂಟದಲ್ಲಿ ಉತ್ತರ ಹೊಳೆಯದಿದ್ದರೆ ಅರ್ಥಧಾರಿ ಭಾಗವತರ ಕಡೆ ನೋಡುತ್ತಾನಂತೆ. ಅವರು ಮುಂದಿನ ಪದ ಎತ್ತಿಕೊಂಡು ಮಾನ ಉಳಿಸುತ್ತಾರಂತೆ. ಮ್ಯಾನೇಜರು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ಅಲ್ಲಿ ಇದ್ದದ್ದು ವಾಟರ್ ಫಿಲ್ಟರು. ಆಮೇಲೆ ಶಾಲು ತೆಗೆದು, ಮಡಚಿ, ತೊಡೆಯ ಮೇಲೆ ಇಟ್ಟುಕೊಂಡರು.

ಹಮೀದಾಕ ಬಾಗಿಲಿನಿಂದ ಒಳಗೆ ಬಂದು, ಯಾರೂ ಕರೆಯದಿದ್ದರೂ, "ಮೇಡಂ, ನನ್ನ ಹೇಳಿಕೆ ಸ್ವಲ್ಪ ತಿದ್ದಲಿಕ್ಕೆ ಉಂಟು" ಎಂದರು.

ಸಂಜೆ ವರದಿ ಬರೆಯುವಾಗ ಮೇಡಂ ನನ್ನ ಅಭಿಪ್ರಾಯ ಕೇಳಿದರು. ಮ್ಯಾನೇಜರು ಕೆಟ್ಟವರಲ್ಲ, ಭಾಷೆ ಒಳ್ಳೆಯದು ಎಂದೆಲ್ಲ ಸುತ್ತಿ ಬಳಸಿ ಹೇಳಲು ಹೊರಟೆ. ಮೇಡಂ ಕನ್ನಡಕ ತೆಗೆದರು. "ಚೆನ್ನಾಗಿ ಮಾಡಿದ್ರೂ ಬುಲ್ಲಿಯಿಂಗ್ ಬುಲ್ಲಿಯಿಂಗೇ ಅಲ್ವಾ ಮೇಡಂ?" ನಾನು ಸಹಿ ಹಾಕಿದೆ.

ಧನ್ಯಳ ಪ್ರೊಬೇಷನ್ನನ್ನು ಬೇರೆ ಅಧಿಕಾರಿ ನೋಡಬೇಕೆಂದಾಯಿತು, ಕೆಲಸ ಗಟ್ಟಿಯಾಯಿತು. ಮ್ಯಾನೇಜರಿಗೆ ಎಚ್ಚರಿಕೆ, ವರ್ಗಾವಣೆ, ಜೊತೆಗೆ ಲಿಖಿತ ಕ್ಷಮಾಪಣೆ. ಅವರು ಕ್ಷಮಾಪಣೆಯನ್ನು ಪುಟಗಟ್ಟಲೆ ಬರೆದರು. ಮೇಡಂ ಅದನ್ನು ವಾಪಸು ಕಳಿಸಿ, ಒಂದೆರಡು ವಾಕ್ಯ ಸಾಕು ಎಂದರು. ಅದು ಅವರಿಗೆ ಸಿಕ್ಕಿದ ನಿಜವಾದ ಶಿಕ್ಷೆ.

ಆ ದಿನಗಳಲ್ಲಿ ಕಂಪೌಂಡಿನ ಆಚೆ ಶಬ್ದವೇ ಇರಲಿಲ್ಲ. ಅವರ ಹೆಂಡತಿ ಬಂದು, "ಟೀಚರೇ, ಹೆಪ್ಪು ಹಾಕದಿದ್ರೂ ಎಂತದೂ ಹೇಳುದಿಲ್ಲ. ಡಾಕ್ಟರಿಗೆ ತೋರಿಸ್ಬೇಕಾ?" ಎಂದರು. ಒಂದು ಸಂಜೆ ಮ್ಯಾನೇಜರೇ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲಲ್ಲಿ ನಿಂತರು.

"ಸಾರಿ ಅಂತ ಇಂಗ್ಲಿಷಿನಲ್ಲಿ ಬರೆದ್ರೆ ಸುಲಭ ಅಲ್ವಾ ಟೀಚರೇ?"

"ಭಾರಿ ಸುಲಭ. ಅದಕ್ಕೇ ಬೇಡ."

ಅವರು ತಲೆಯಾಡಿಸಿ ಹೋದರು. ಕೊನೆಗೆ ಬರೆದದ್ದು ಇಷ್ಟು ಎಂದು ಆಮೇಲೆ ತಿಳಿಯಿತು: ನನ್ನಿಂದ ನಿನಗೆ ಹೆದರಿಕೆಯಾಯಿತು. ಆಗಬಾರದಿತ್ತು.

ಮನುಷ್ಯ ಪೂರ್ತಿ ಬದಲಾದರು ಎಂದು ನಾನು ಹೇಳುವುದಿಲ್ಲ. ಹೊಸ ಆಫೀಸಿನಲ್ಲಿ ತಮ್ಮ ಮೇಜಿನ ಎದುರು ಎರಡು ಕುರ್ಚಿ ಹಾಕಿಸಿ, ಬೈಯುವ ಮೊದಲು ಎಲ್ಲರನ್ನೂ ಕೂರಿಸತೊಡಗಿದರು. ಜನಕ್ಕೆ ಅದು ಇನ್ನೂ ಭಯವಾಯಿತು. ಕೂತರೆ ಓಡಲಿಕ್ಕಾಗುವುದಿಲ್ಲವಲ್ಲ! ಕಸದ ಗಾಡಿಯ ಒಬ್ಬಾಕೆ ಮಾತ್ರ ಆರಾಮವಾಗಿ ಕೂತು, ಗ್ಲೌಸು ಇಲ್ಲ, ಬೂಟು ಇಲ್ಲ, ನಮ್ಮ ಶೆಡ್ಡಿಗೆ ನೀವು ಕಾಲಿಟ್ಟದ್ದೇ ಇಲ್ಲ ಎಂದು ಊಟದ ಹೊತ್ತಿನವರೆಗೆ ಅವರಿಗೇ ಹೇಳಿದಳಂತೆ. ಮ್ಯಾನೇಜರು ಪರಮಾನಂದಪಟ್ಟು, ಆ ವಾರದಲ್ಲೇ ಗ್ಲೌಸು ತರಿಸಿದರು. ನನ್ನ ಹತ್ತಿರ ಮಾತ್ರ ಅವರ ಬಿಗುಮಾನ ಬಿಗುಮಾನವೇ. "ಆ ಹುಡುಗಿ ಮಾತು ಒಳ್ಳೆ ಕಟ್ತಾಳೆ ಟೀಚರೇ. ಆದ್ರೆ ಗೆದ್ದದ್ದು ಅವಳಲ್ಲ, ನಿಮ್ಮ ಕುರ್ಚಿ."

ರಿಟೈರಾದ ಮೇಲೆ ಅವರಿಗೆ ಕೂಟಗಳು ಕಡಿಮೆಯಾದವು. ಹೊಸ ಹೊಸ ಹುಡುಗರು ಬಂದರು. ಹಾಗಾಗಿ ಒಂದು ದಿನ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಅವರ ಮುಖ ಮದುಮಗನ ಹಾಗಿತ್ತು. ಇಸ್ತ್ರಿ ಮಾಡಿದ ಜುಬ್ಬ, ಕಂಕುಳಲ್ಲಿ ಕೊಡೆ.

"ಕಾಣಿಯೂರಿನಲ್ಲಿ ಕೂಟ ಟೀಚರೇ. ಎಷ್ಟು ಸಮಯ ಆಯ್ತು ಕರೆ ಬಾರದೆ! ಪೀಠಿಕೆ ನನ್ನದೇ."

"ಬೆಸ್ಟ್ ಆಫ್ ಲಕ್. ಯಾವ ಬಸ್ಸು?"

ಅವರ ಕಣ್ಣು ನನ್ನ ಹೆಗಲ ಮೇಲಿಂದ ಎಲ್ಲೋ ಹೋಗಿತ್ತು. ತಿರುಗಿ ನೋಡಿದೆ. ನಿಂತಿದ್ದ ಒಂದು ಬಸ್ಸಿನ ಬಾಗಿಲ ಹತ್ತಿರ ಧನ್ಯ. ಸ್ವಲ್ಪ ಮೈ ಕೈ ತುಂಬಿದ್ದಾಳೆ, ಕುತ್ತಿಗೆಯಲ್ಲಿ ಕರಿಮಣಿ. ಜೊತೆಯ ಹೆಂಗಸಿಗೆ ಏನೋ ಕಥೆ ಹೇಳುತ್ತಿದ್ದಳು, ಕೈ ಬೀಸಿ, ಯಾರದೋ ನಡಿಗೆಯನ್ನು ಅಣಕಿಸಿ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ. ನಕ್ಕು ನಕ್ಕು ಅವಳಿಗೇ ಮಾತು ಮುಂದೆ ಹೋಗುತ್ತಿರಲಿಲ್ಲ.

ಮ್ಯಾನೇಜರು ಸರಕ್ಕನೆ ಹಿಂದೆ ಸರಿದು, ಎಳನೀರಿನ ರಾಶಿಯ ಆಚೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಅಷ್ಟು ದೊಡ್ಡ ಆಳು! ಎಳನೀರಿನವನು, "ಎಂತ ಬಿತ್ತು ಅಣ್ಣೇರೆ?" ಎಂದು ಅವರ ಜೊತೆ ತಾನೂ ನೆಲ ಹುಡುಕತೊಡಗಿದ.

"ಎಂತ ಇದು? ಏಳಿ. ಹೋಗಿ ಮಾತಾಡಿಸಿ" ಎಂದೆ. "ಅದೆಲ್ಲ ಮುಗಿದು ಕಾಲ ಆಯ್ತಲ್ಲ."

"ಶ್ಶ್! ನೀವು ಸ್ವಲ್ಪ ಈಚೆ ನಿಲ್ಲಿ. ಸೀರೆ ಅಡ್ಡ ಬರ್ಲಿ." ಅವರು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಗ್ತಾ ಇದ್ದಾಳೆ ಟೀಚರೇ. ನನ್ನನ್ನು ಕಂಡ್ರೆ ನಿಲ್ಲಿಸ್ತಾಳೆ."

ನಾನು ಸೆರಗು ಹರಡಿಕೊಂಡು ಅಡ್ಡ ನಿಂತೆ. ಕಂಡಕ್ಟರು ಸೀಟಿ ಊದಿದ. ಧನ್ಯ ನಗುತ್ತಲೇ ಬಸ್ಸು ಹತ್ತಿದಳು, ಕಿಟಕಿಯ ಹತ್ತಿರ ಕೂತಳು, ಕಥೆ ಮುಂದುವರಿಸಿದಳು. ಬಸ್ಸು ಹೊರಟು ತಿರುವಿನಲ್ಲಿ ಮರೆಯಾದ ಮೇಲೆ ಮ್ಯಾನೇಜರು ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದರು. ಜುಬ್ಬದ ಮಡಿಕೆ ಸರಿಮಾಡಿಕೊಂಡರು. ನನಗೆ ಆಗ ಬಸ್ಸಿನ ಹಣೆಯಲ್ಲಿದ್ದ ಬೋರ್ಡು ನೆನಪಾಯಿತು.

"ಅದು ಕಾಣಿಯೂರಿನದ್ದಲ್ವಾ?"

"ಹೌದು. ನನ್ನದೂ ಅದೇ."

"ಇನ್ನೊಂದು ಉಂಟಲ್ಲ?"

"ಉಂಟು, ಉಂಟು." ಅವರು ಬೆಂಚಿನ ಮೇಲಿನ ಧೂಳು ಕೊಡವಿ ಕೂತರು. "ಅದು ಅಲ್ಲಿ ಮುಟ್ಟುವಾಗ ಪೀಠಿಕೆ ಯಾರಾದ್ರೂ ಹೇಳಿ ಆಗಿರ್ತದೆ. ನೀವು ಹೋಗಿ ಟೀಚರೇ, ನಿಮಗೆ ಹೊತ್ತಾಯ್ತು."